ಎಡಭುಜಕ್ಕೆ ಬಂದ ಬಂದೂಕು

ವಿಜಯಪುರದ ಜಲನಗರದಲ್ಲಿ ಬಾಡಿಗೆಗೆ ಇಳಿದ ಮೊದಲ ದಿನವೇ ಬೈಸಿಕೊಂಡೆ. ಮನೆಯೊಡತಿ ಗೌರಕ್ಕ ಶೇಂಗಾ ಚಟ್ನಿಯ ಬಟ್ಟಲು ನೀಡಿದರು, ನಾನು ಎಡಗೈ ಚಾಚಿದೆ. ಅವರು ಬಟ್ಟಲನ್ನು ಹಿಂದಕ್ಕೆಳೆದುಕೊಂಡರು.

“ಎಡಗೈಲೆ ಇಸ್ಕೋತಾರೇನ ಬೇ? ನಿಮ್ಮೂರಾಗ ಇದನ್ನ ಕಲಿಸ್ಯಾರೇನು?”

ನಮ್ಮ ಕುಮಟೆಯಲ್ಲೂ ಇದನ್ನು ಯಾರೂ ಕಲಿಸುವುದಿಲ್ಲ. ಕಾಲೇಜಿನ ದಿನಗಳಿಂದ ಏರ್ ರೈಫಲ್ ಹಿಡಿದವಳು ನಾನು. ಜ್ವರವೊಂದು ಬಂದು ಹೋಗುವಾಗ ಬಲಗಣ್ಣಿನ ದೃಷ್ಟಿಯನ್ನೂ ಕೊಂಡೊಯ್ದಿತು. “ಒಂದೇ ಕಣ್ಣಲ್ಲಿ ಎಂತ ಬಂದೂಕು? ಸುಮ್ಮನಿರು” ಎಂದಳು ಅಮ್ಮ. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಬಬಲೇಶ್ವರದ ಶಾಲೆಯಲ್ಲಿ ಆಟ ಕಲಿಸುವ ಕೆಲಸ ಸಿಕ್ಕಿದ್ದೇ ಹೊರಟುಬಂದೆ. ಎಡಗಣ್ಣಲ್ಲಿ ಗುರಿ ಹಿಡಿಯಬೇಕಾದರೆ ಬಂದೂಕು ಎಡಭುಜಕ್ಕೇ ಬರಬೇಕು, ಟ್ರಿಗರನ್ನು ಎಡಗೈಯೇ ಎಳೆಯಬೇಕು. ಅದಕ್ಕೇ ಬಲಗೈಗೆ ರಜೆ ಕೊಟ್ಟು ಎಲ್ಲವನ್ನೂ ಎಡಗೈಯಲ್ಲೇ ಮಾಡತೊಡಗಿದೆ. ವರ್ಷದೊಳಗೆ ಟಿಕೋಟಾದ ಸ್ಪರ್ಧೆಯಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆಯಾಗದಿದ್ದರೆ ಮತ್ತೆ ಬಂದೂಕು ಮುಟ್ಟುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೆ.

ಇಬ್ರಾಹಿಂಪುರದಲ್ಲಿ ರೈಲುಹಳಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿವೃತ್ತ ಹವಾಲ್ದಾರ ದಸ್ತಗೀರ ಕಾಕಾ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದರು. ಕುಮಟೆಯಲ್ಲಿ ಬೆವರಿಗೆ ಜಾರುತ್ತಿದ್ದ ರೈಫಲ್ ಇಲ್ಲಿಯ ಒಣ ಗಾಳಿಯಲ್ಲಿ ಕೈಗೆ ಗಟ್ಟಿಯಾಗಿ ಕೂತಿತು. ಆದರೂ ನಾಲ್ಕು ತಿಂಗಳು ಗುಂಡು ಗುರಿಯ ಅಂಚಿಗೇ ಬೀಳುತ್ತಿತ್ತು.

“ಅಕ್ಕಾರ,” ಎಂದರು ಕಾಕಾ. ಇಲ್ಲಿ ಶಿಕ್ಷಕಿಯರನ್ನು ಕರೆಯುವುದೇ ಹಾಗೆ. “ನಿಮ್ಮ ಎಡಗೈ ಕಲಿಯಾಕತ್ತಿಲ್ರಿ. ಬಲಗೈ ನೋಡಿ ಕಾಪಿ ಹೊಡಿಯಾಕತ್ತೈತಿ.”

ಆ ಮಾತು ಅರ್ಥವಾದದ್ದು ಗೌರಕ್ಕನ ಅಡುಗೆಮನೆಯಲ್ಲಿ. ಅನ್ನ ತಿಂದು ಬೆಳೆದ ನನಗೆ ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಅವರು ಎಷ್ಟು ಗೊಣಗಿದರೂ ಹಟ ಹಿಡಿದು ಎಡಗೈಯಲ್ಲೇ ಬಡಿದೆ. ಹತ್ತೇ ದಿನಕ್ಕೆ ರೊಟ್ಟಿ ಹರಿಯದೆ ದುಂಡಗೆ ಬಂತು. ಬಲಗೈಗೂ ಬಾರದ ವಿದ್ಯೆಯಾದ್ದರಿಂದ ಎಡಗೈಗೆ ಅಲ್ಲಿ ಯಾರ ಕಾಟವೂ ಇರಲಿಲ್ಲ.

ಮರುದಿನ ಕಾಕಾರಿಗೆ ಹೇಳಿದೆ: “ನಾನು ಬಂದೂಕನ್ನೇ ಕಂಡಿಲ್ಲ ಅಂದ್ಕೊಳ್ಳಿ. ನಿಲ್ಲೋದರಿಂದ ಕಲಿಸಿ.”

“ಹಂಗಾದ್ರ ಹಳೇ ಮೆಡಲ್ಲೆಲ್ಲಾ ಮರೀರಿ. ಆಗತೈತೇನು?”

ಮರೆಯುವುದು ಕಲಿಯುವುದಕ್ಕಿಂತ ಸಂಕಟದ್ದು. ಶೆಡ್ಡಿನ ಹಿಂದೆ ನಿಂತು ಅತ್ತದ್ದೂ ಉಂಟು. ಅತ್ತು ಮುಗಿಸಿ ಮತ್ತೆ ಒಳಗೆ ಹೋಗುತ್ತಿದ್ದೆ.

ಟಿಕೋಟಾದಲ್ಲಿ ಮೂರನೆಯವಳಾದೆ. ಆಯ್ಕೆಗೆ ಅಷ್ಟು ಸಾಕಿತ್ತು. ಹಿಂದಿನಿಂದ ಯಾರೋ “ಎಡಚಿ” ಎಂದರು, ನನಗೆ ಹೆಮ್ಮೆಯೇ ಆಯಿತು.

ರಜೆಗೆ ಕುಮಟೆಗೆ ಹೋದಾಗ ಹಳೆಯ ಗೆಳೆಯರು ರೈಫಲ್ ಕೈಗಿತ್ತರು. ಅದು ತಾನಾಗಿ ಬಲಭುಜಕ್ಕೇರಿತು. ಕಣ್ಣಿಟ್ಟೆ, ಬರೀ ಕತ್ತಲೆ. ಎಲ್ಲರೂ ನೋಡುತ್ತಿದ್ದಂತೆ ಎಡಕ್ಕೆ ಬದಲಿಸಿಕೊಂಡು ಹೊಡೆದೆ. ಗುಂಡು ನಟ್ಟನಡುವೆ ಬಿತ್ತು.

“ಗೆದ್ದಾಯ್ತಲ್ಲ, ಇನ್ನು ಇಲ್ಲೇ ಇದ್ದುಬಿಡು” ಎಂದಳು ಅಮ್ಮ.

ಇರುವ ಆಸೆ ನನಗೂ ಉಂಟು. ಆದರೆ ಹುಟ್ಟಿದ ಊರಿಗೆ ಕಾಲಿಟ್ಟರೆ ಸಾಕು, ನನ್ನ ಮೈ ಇವತ್ತಿಗೂ ಕಾಣದ ಕಣ್ಣನ್ನೇ ನಂಬುತ್ತದೆ.