ಬಾಯಲ್ಲಿ ಬಾರಿಸಿದ ಗಿಟಾರು

ನಮ್ಮ ತಂಡದ ಒಂದೇ ಒಂದು ಆಲ್ಬಮ್ಮಿನಲ್ಲಿ ಗಿಟಾರೂ ಇಲ್ಲ, ಡ್ರಮ್ಮೂ ಇಲ್ಲ. ಹೀಗೆಂದರೆ ಇವತ್ತಿನ ಹುಡುಗರು "ಓಹೋ, ಪ್ರಯೋಗಾನಾ?" ಅಂತ ಕಣ್ಣರಳಿಸುತ್ತಾರೆ. ಪ್ರಯೋಗವೂ ಇಲ್ಲ, ಮಣ್ಣೂ ಇಲ್ಲ. ನಮ್ಮಮ್ಮ ವಾದ್ಯಗಳನ್ನು ಪೂಜೆಗೆ ಇಟ್ಟುಬಿಟ್ಟಿದ್ದಳು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪನದು ಕೇಂದ್ರ ಸರ್ಕಾರದ ಕೆಲಸ, ಮೈಸೂರಿನಿಂದ ಕೊಚ್ಚಿಗೆ ವರ್ಗ. ಪಾಲಾರಿವಟ್ಟಂನಲ್ಲಿ ಬಾಡಿಗೆ ಮನೆ. ತಂಡ ಅಂದರೆ ಮೂರೇ ಜನ: ಡ್ರಮ್ ಬಾರಿಸುವ ನಾನು, ಹಾಡುವ ನನ್ನ ತಂಗಿ, ಗಿಟಾರಿಗೆ ನನ್ನ ಗೆಳತಿ, ಹುಬ್ಬಳ್ಳಿ ಕಡೆಯ ಬ್ಯಾಂಕ್ ಮ್ಯಾನೇಜರರ ಮಗಳು. ರೇಡಿಯೋ ಕೇಳಿ ಕಲಿತದ್ದು ಸರ್ಫ್ ಪಾಪ್. ಅಮೆರಿಕದ ಕಡಲಲ್ಲಿ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವವರ ಸಂಗೀತ. ನಾವು ಸಮುದ್ರಕ್ಕೆ ಹೋದರೆ ನೀರು ಕಣಕಾಲು ದಾಟುವ ಮೊದಲೇ ಅಮ್ಮ ಜಡೆ ಹಿಡಿದು ಹಿಂದಕ್ಕೆಳೆಯುತ್ತಿದ್ದಳು. ಆದರೂ ಹಾಡಿನಲ್ಲಿ ನಮ್ಮಷ್ಟು ಅಲೆ ಹತ್ತಿದವರು ಇಡೀ ಕೇರಳದಲ್ಲಿ ಇರಲಿಲ್ಲ ಬಿಡಿ.

ಗೆಳತಿ ಸ್ವಂತ ಒಂದು ರಾಗ ಕಟ್ಟಿದ್ದಳು. ಅಲೆ ದೂರದಲ್ಲಿ ಏಳುವುದು, ಉಬ್ಬಿ ಬರುವುದು, ದಡಕ್ಕೆ ಬಡಿದು ಒಡೆಯುವುದು, ಎಲ್ಲಾ ಗಿಟಾರಿನಲ್ಲೇ. ದಿನಾ ಸಂಜೆ ನಮ್ಮ ಹಜಾರದಲ್ಲಿ ಅದನ್ನೇ ತಿದ್ದಿ ತೀಡುತ್ತಿದ್ದಳು. ಅಡುಗೆಮನೆಯಿಂದ ಅಮ್ಮ, "ಸಾಕು ನಿಲ್ಸ್ರೇ, ತಲೆ ಚಿಟ್ಟು ಹಿಡೀತಿದೆ!" ಅಂತ ಕೂಗುತ್ತಿದ್ದಳು. ಅಷ್ಟರಲ್ಲಿ ಗೆಳತಿಯ ಅಪ್ಪನಿಗೆ ಹುಬ್ಬಳ್ಳಿಗೇ ವರ್ಗವಾಯಿತು.

"ಇನ್ನ ಅಜ್ಜನ ಮನ್ಯಾಗ ಇರೂದು. ಗಿಟಾರ್ ಕಂಡ್ರ ಅಂವಾ ಒಲಿಗೆ ಹಾಕ್ತಾನ," ಅಂದಳು ಅವಳು, ಮುಖ ಸಣ್ಣದು ಮಾಡಿಕೊಂಡು. "ಹೋಗೂದ್ರಾಗ ರೆಕಾರ್ಡ್ ಆಗ್ಲಿಕ್ಕೇ ಬೇಕು. ಇಲ್ಲಂದ್ರ ನನ್ನ ರಾಗ ಇಲ್ಲೇ ಸತ್ತು ಹೋಗ್ತದ."

ತಿರುವನಂತಪುರದ ಚಾಲೈ ಪೇಟೆಯಲ್ಲಿ, ಪಾತ್ರೆ ಅಂಗಡಿಯ ಮಹಡಿಯ ಮೇಲೆ, ಒಂದು ಪುಟ್ಟ ಸ್ಟುಡಿಯೋ ಇತ್ತು. ಅದರ ಮಾಲೀಕ ಕೊಟ್ಟದ್ದು ಒಂದೇ ದಿನ, ಮಹಾನವಮಿ. ಅದರ ಮರುದಿನ ಗೆಳತಿಯ ಮನೆಯ ಸಾಮಾನು ಲಾರಿ ಹತ್ತುವುದಿತ್ತು. ಸ್ಟುಡಿಯೋಗೆ ಹೊರಡುವ ಹಿಂದಿನ ಸಂಜೆ ನಾವು ವಾದ್ಯಗಳನ್ನೆಲ್ಲ ಒರೆಸಿ ಫಳಫಳ ಮಾಡಿ, ಹಜಾರದಲ್ಲಿ ಸಾಲಾಗಿ ಇಟ್ಟು, ದಾರಿಗೆ ಬಾಳೆಕಾಯಿ ಚಿಪ್ಸ್ ತರಲು ಹೋದೆವು. ಬಂದು ನೋಡಿದರೆ, ಶಿವನೇ! ಎಲ್ಲವೂ ಸರಸ್ವತಿಯ ಪಟದ ಮುಂದೆ ಗಂಧ ಕುಂಕುಮ ಹಚ್ಚಿಸಿಕೊಂಡು, ತಲೆಗೊಂದು ಸೇವಂತಿಗೆ ಮುಡಿದು ಕೂತಿವೆ.

"ನೀವೇ ಒರೆಸಿ ಇಟ್ಟಿದ್ರಲ್ಲೇ! ಈ ವರ್ಷವಾದ್ರೂ ಹುಡುಗೀರಿಗೆ ಬುದ್ಧಿ ಬಂತಲ್ಲ ಅಂತ ನಾನು ಖುಷಿಪಟ್ಟೆ," ಅಂದಳು ಅಮ್ಮ. "ಸ್ಟುಡಿಯೋದಲ್ಲಿ ಗಿಟಾರ್ ಇರಲ್ವಾ? ಹೋಟ್ಲಿಗೆ ಹೋಗೋವಾಗ ತಟ್ಟೆ ಹೊತ್ಕೊಂಡು ಹೋಗ್ತೀವಾ?"

ಸರಸ್ವತಿಯ ಮುಂದಿಟ್ಟದ್ದನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಅಲ್ಲಿಯವರೆಗೆ ಓದೂ ಇಲ್ಲ, ಯಾವ ವಾದ್ಯವೂ ಇಲ್ಲ; ಸ್ಟುಡಿಯೋದ ಗಿಟಾರೂ ಅದರಲ್ಲೇ ಸೇರಿತು ಅಂತ ಅಮ್ಮನಿಗೆ ಆಮೇಲೆ ನೆನಪಾಯಿತು. ಮೈಸೂರಿನಲ್ಲೂ ಹೀಗೇ, ಕೊಚ್ಚಿಯಲ್ಲೂ ಹೀಗೇ. ನ್ಯಾಯ ಕೇಳಲು ಪಕ್ಕದ ಮನೆಗೆ ಓಡಿದರೆ ಅಲ್ಲಿನ ಮಲಯಾಳಿ ಅಕ್ಕ, ನಮ್ಮ ಚೇಚಿಯೂ, ಅಮ್ಮನ ಕಡೆಯೇ. ತಂಗಿ ನೆಲಕ್ಕೆ ಕೂತು "ಇನಿ ಎಂತು ಚೆಯ್ಯುಂ?" ಅಂತ ಮಲಯಾಳಂನಲ್ಲಿ ಗೋಳಾಡಿದಳು. ಇನ್ನೇನು ಮಾಡುವುದು ಅಂತ ನನಗೂ ಹೊಳೆಯಲಿಲ್ಲ. ಗೆಳತಿ ಮಾತ್ರ ಕಣ್ಣೊರೆಸಿಕೊಂಡು ಅಮ್ಮನ ಎದುರು ನಿಂತಳು.

"ಬಾಯಿ ಪೂಜಾಕ್ಕ ಇಟ್ಟಿಲ್ಲಲ್ರಿ?"

ಅಮ್ಮ ಸರಸ್ವತಿಯ ಪಟದ ಕಡೆ ಒಮ್ಮೆ ನೋಡಿ, "ಇಲ್ಲ" ಅಂದಳು.

ಮರುದಿನ ಚಾಲೈಗೆ ಅಮ್ಮನೂ ಬಂದಳು, ನಮ್ಮ ಕಾವಲಿಗೆ. ಪಾತ್ರೆ ವಾದ್ಯವಲ್ಲ, ಅಡುಗೆ ಸಾಮಾನು ಎಂದು ಅವಳೇ ತೀರ್ಪು ಕೊಟ್ಟದ್ದರಿಂದ ನಾನು ಕೆಳಗಿನ ಅಂಗಡಿಯಿಂದ ಕೊಳದಪ್ಪಲೆ, ಮುಚ್ಚಳ ಎರವಲು ತಂದು ಬಾರಿಸಿದೆ. ಎಲ್ಲಿ ನೆಗ್ಗಿಸುತ್ತೇನೋ ಎಂದು ಅಂಗಡಿಯವನು ಬಾಗಿಲಲ್ಲೇ ನಿಂತಿದ್ದ. ಗೆಳತಿ ಮೈಕಿನ ಮುಂದೆ ಗಾಳಿಯಲ್ಲಿ ಬೆರಳಾಡಿಸುತ್ತ "ಡಿರಿಡಿರಿ ಡಿಯ್ಯಾಂವ್" ಅಂದಳು. ಸ್ಟುಡಿಯೋ ಮಾಲೀಕ ಬಾಯಿಗೆ ಟವೆಲು ತುರುಕಿಕೊಂಡು ನಗು ತಡೆದ. ಕೊನೆಯದು ಅವಳ ರಾಗ. ಟೇಪು ಮುಗಿಯುತ್ತ ಬಂದಿದೆ, ಇದೊಂದು ತಪ್ಪಿದರೆ ಇನ್ನಿಲ್ಲ ಎಂದು ಅವನು ಮೊದಲೇ ಹೇಳಿದ್ದ.

ಅಲೆ ಎದ್ದಿತು, ಉಬ್ಬಿ ಬಂತು. ಅಲ್ಲಿ ಅವಳು ನಿಂತುಬಿಟ್ಟಳು. ಬಿಕ್ಕಿ ಬಿಕ್ಕಿ ಅಳತೊಡಗಿದಳು. ಟೇಪು ತಿರುಗುತ್ತಲೇ ಇತ್ತು. ಅಯ್ಯೋ, ಎಲ್ಲಾ ಹೋಯಿತು ಅಂದುಕೊಂಡೆ.

ಆಗ ಹಿಂದಿನ ಕುರ್ಚಿಯಿಂದ "ಡಿರಿಡಿರಿ ಡಿಯ್ಯಾಂವ್" ಶುರುವಾಯಿತು. ನಮ್ಮಮ್ಮ! ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ, ಒಂದು ಸ್ವರ ಬಿಡದೆ ಅಲೆಯನ್ನು ದಡದವರೆಗೆ ತಂದಳು. ತಲೆ ಚಿಟ್ಟು ಹಿಡಿಸಿಕೊಂಡೇ ಅಷ್ಟನ್ನೂ ಬಾಯಿಪಾಠ ಮಾಡಿದ್ದಳು, ಕಳ್ಳಿ! ಕೊನೆಯಲ್ಲಿ ಮಾತ್ರ ಅಲೆಯನ್ನು ಒಡೆಯಲಿಲ್ಲ. ಆರತಿ ಹಾಡು ಮುಗಿಸುವ ಹಾಗೆ ಎಳೆದು, ಮೆಲ್ಲಗೆ ಇಳಿಸಿದಳು.

ಗೆಳತಿ ಹೋದಳು, ತಂಡ ಮುಗಿಯಿತು. ಕೆಲವು ವರ್ಷಗಳ ಮೇಲೆ ಒಂದು ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದವಳ ಹೆಗಲಲ್ಲಿ ಅದೇ ಗಿಟಾರು!

"ಅಜ್ಜ ಒಲೆಗೆ ಹಾಕಲಿಲ್ವೇನೇ?" ಅಂದೆ.

"ಮೊದಲಿಗೆ ರೆಕಾರ್ಡ್ ಕೇಳಿದ, ಗಿಟಾರ್ ಇಲ್ಲಂತ ಭಾಳ ಖುಷಿ ಆದ. ಆಮ್ಯಾಲೆ ನಾ ದಿನಾ ಮುಂಜಾನಿಂದ ಸಂಜೀತನಕ ಬಾಯಿಲೇ ಬಾರಿಸಿದೆ ನೋಡು. ಕಡೀಕ ಅಂವನೇ ಕೈ ಮುಗದು, 'ಯವ್ವಾ, ಆ ಗಿಟಾರಾದ್ರೂ ಹಿಡಿ, ಬಾಯಿ ಮುಚ್ಚು' ಅಂದ!"

ಹಜಾರದಲ್ಲಿ ಕೂತು ತನ್ನ ರಾಗ ಬಾರಿಸಿದಳು. ಅಲೆ ಎದ್ದು ಬಂತು, ಆದರೆ ಒಡೆಯಲಿಲ್ಲ, ಮೆಲ್ಲಗೆ ಇಳಿಯಿತು. ಅಮ್ಮ ಸೌಟು ಹಿಡಿದು ಅಡುಗೆಮನೆಯಿಂದ ಬಂದಳು.

"ಅಯ್ಯೋ, ಅದು ಆವತ್ತು ನಾನು ತಪ್ಪು ಹಾಡಿದ್ದು ಕಣೇ. ನಿಂದು ಹಾಗಿರಲಿಲ್ಲ."

"ಈಗ ಅದು ಹಿಂಗ ಅದ ರೀ," ಅಂದಳು ಗೆಳತಿ.

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಅಲ್ಲೇ ಕೂತಳು. "ಇನ್ನೊಂದ್ಸಲ ಬಾರ್ಸು," ಅಂದಳು.