ಎಡಗಡೆಯಿಂದ ಬರುವ ಪಕ್

೨೦೨೨ರ ಶರತ್ಕಾಲದಲ್ಲಿ ನಾನು ಅಮೆರಿಕದ ರೆಸ್ಟನ್ ಎಂಬ ಊರಿನ ಒಂದು ಪುನಶ್ಚೇತನ ಕ್ಲಿನಿಕ್‌ನಲ್ಲಿ ಹಿರಿಯ ವೆಸ್ಟಿಬ್ಯುಲರ್ ಥೆರಪಿಸ್ಟ್ ಆಗಿದ್ದೆ. ಹುದ್ದೆಯ ಹೆಸರು ಕೇಳಿದಾಗಲೆಲ್ಲ ಧಾರವಾಡದ ನಮ್ಮ ಬಂಧುಗಳು ‘ಅಂದ್ರ ಏನವಾ?’ ಎನ್ನುತ್ತಿದ್ದರು. ನಮ್ಮ ಕಿವಿಯ ಒಳಗೆ ಸಮತೋಲನ ಕಾಯುವ ಪುಟ್ಟದೊಂದು ಅಂಗವಿದೆ. ತಲೆ ತಿರುಗಿಸಿದೊಡನೆ ಅದು ಕಣ್ಣಿಗೆ ಸುದ್ದಿ ಮುಟ್ಟಿಸುತ್ತದೆ. ಕಣ್ಣು ಅಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ಹೊರಳುತ್ತದೆ. ಓಡುವಾಗಲೂ ನಮಗೆ ಲೋಕ ಅಲುಗದೆ ನಿಂತಂತೆ ಕಾಣುವುದು ಇದರಿಂದಲೇ. ತಲೆಗೆ ಪೆಟ್ಟು ಬಿದ್ದು ಸುದ್ದಿ ತಡವಾದರೆ ಲೋಕ ಜಾರುತ್ತದೆ. ಜಾರಿದ ಲೋಕವನ್ನು ಮತ್ತೆ ನಿಲ್ಲಿಸುವುದೇ ನನ್ನ ಕೆಲಸವಾಗಿತ್ತು.

ನಿಖಿಲ್ ಬಂದದ್ದು ಅಕ್ಟೋಬರ್ ಕೊನೆಯಲ್ಲಿ. ಹೆಸರು ಬದಲಿಸಿದ್ದೇನೆ, ತಂಡಗಳ ಹೆಸರನ್ನೂ ಹೇಳುವುದಿಲ್ಲ. ವಯಸ್ಸು ಇಪ್ಪತ್ತೆಂಟು, ವೃತ್ತಿ ಐಸ್ ಹಾಕಿ. ಕ್ಯಾರೊಲೈನಾದ ಒಂದು ಕೆಳಹಂತದ ವೃತ್ತಿಪರ ತಂಡದಲ್ಲಿ ಆರು ವರ್ಷಗಳಿಂದ ಗೋಲ್‌ಕೀಪರ್. ತಂದೆ ತಾಯಿ ಮೈಸೂರಿನವರು, ನಮಗೆ ಹತ್ತಿರದ ಆಲ್ಡಿ ಊರಿನಲ್ಲಿ ಮನೆ. ಕೆಲವು ವಾರಗಳಿಂದ ಅವರ ಜೊತೆಗೇ ಇದ್ದ. ನಮ್ಮವರ ಹುಡುಗನೊಬ್ಬ ಈ ಆಟದಲ್ಲಿ ಸಂಬಳ ಪಡೆಯುತ್ತಾನೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಐದು ವಾರಗಳ ಹಿಂದೆ ಪಕ್ ಅವನ ಮುಖಗವಚದ ಎಡಭಾಗಕ್ಕೆ ಬಡಿದಿತ್ತು. ಪಕ್ ಎಂದರೆ ಗಟ್ಟಿ ರಬ್ಬರಿನ ಅಂಗೈಯಗಲದ ಬಿಲ್ಲೆ. ಮಂಜುಗಡ್ಡೆಯ ಮೇಲೆ ಅದು ಹೆದ್ದಾರಿಯ ಕಾರಿಗಿಂತ ವೇಗವಾಗಿ ಬರುತ್ತದೆ. ತಲೆನೋವು ಹೋಗಿತ್ತು, ಸ್ಕ್ಯಾನ್ ಸರಿಯಾಗಿತ್ತು. ಅದೇ ಹೊತ್ತಿಗೆ ಅವನು ಜೀವಮಾನವಿಡೀ ಕಾದಿದ್ದ ಕರೆ ಬಂದಿತ್ತು. ಮೇಲಿನ ಹಂತದ ತಂಡವೊಂದರ ಗೋಲ್‌ಕೀಪರ್ ಗಾಯಗೊಂಡಿದ್ದ. ಎರಡು ವಾರದೊಳಗೆ ಇವನು ಅಲ್ಲಿಗೆ ಹೋಗಬೇಕು. ಬಾಕಿ ಉಳಿದದ್ದು ಸಮತೋಲನದ ಕುರಿತ ನನ್ನ ವರದಿಯೊಂದೇ.

“ಆಂಟಿ, ನಾನ್ ಫುಲ್ಲಿ ಫೈನ್,” ಎಂದ, ಪರೀಕ್ಷೆಯ ಕುರ್ಚಿಯಲ್ಲಿ ಕೂರುತ್ತಲೇ.

ಗೋಡೆಯ ಮೇಲಿನ ಅಕ್ಷರಪಟವನ್ನು ಮೊದಲು ತಲೆ ಅಲುಗಿಸದೆ ಓದಿಸುತ್ತೇವೆ, ಆಮೇಲೆ ತಲೆಯನ್ನು ಬೇಗಬೇಗ ಆಚೀಚೆ ತಿರುಗಿಸುತ್ತಾ ಓದಿಸುತ್ತೇವೆ. ಮೂರು ಸಾಲು ಕಡಿಮೆ ಓದಿದರೆ ತೊಂದರೆಯಿದೆ ಎಂದರ್ಥ. ನಿಖಿಲ್ ಒಂದು ಅಕ್ಷರವನ್ನೂ ತಪ್ಪು ಓದಲಿಲ್ಲ. ಮುಗಿದ ಮೇಲೆ, ಗೋಲಿನ ಮುಂದೆ ನಿಂತಾಗ ಹೇಗನ್ನಿಸುತ್ತದೆ ಎಂದು ಕೇಳಿದೆ. ಅವನ ಮುಖ ಸಡಿಲವಾಯಿತು.

“ಹೇಗ್ ಹೇಳೋದು... ಡ್ರೀಮ್ ಥರ ಆಂಟಿ. ಸೌಂಡ್ ಎಲ್ಲಾ ದೂರ ಹೋಗತ್ತೆ. ಐಸ್ ಮೇಲೆ ನಾನ್ ಫ್ಲೋಟ್ ಆಗ್ತೀನಿ. ಇಂಜುರಿ ಮುಂಚೆ ಹೀಗ್ ಇರ್ಲಿಲ್ಲ. ಈಗ ಇನ್ನೂ ಚೆನ್ನಾಗಿದೆ.”

ಅವನು ಹೇಳಿದ ರೀತಿ ಎಷ್ಟು ಚೆಂದವಿತ್ತೆಂದರೆ ನಾನು ನಂಬಿಬಿಟ್ಟಿದ್ದೆ. ವರದಿಯ ಮೊದಲ ಸಾಲು ಟೈಪ್ ಮಾಡಿಯೂ ಆಗಿತ್ತು. ಆದರೆ ಆ ಕೊನೆಯ ಮಾತು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಪೆಟ್ಟು ತಿಂದ ಯಾರೂ ನನಗೆ ‘ಇನ್ನೂ ಚೆನ್ನಾಗಿದೆ’ ಎಂದಿರಲಿಲ್ಲ.

ಮರುದಿನ ಬೆಳಿಗ್ಗೆ ಆರೂವರೆಗೆ, ಅವನು ಅಭ್ಯಾಸ ಮಾಡುತ್ತಿದ್ದ ರಿಂಕ್ ಎಂಬ ಐಸ್ ಅಂಗಳಕ್ಕೆ ಹೋದೆ. ಹೊರಗೆ ಮೇಪಲ್ ಎಲೆಗಳು ಕೆಂಪಾಗಿದ್ದವು. ಒಳಗೆ ಋತುವೇ ಇಲ್ಲದ ಒಂದು ಬಿಳುಪು. ಐಸ್ ನಯಗೊಳಿಸುವ ಯಂತ್ರ ಅದೇ ತಾನೇ ಸುತ್ತು ಮುಗಿಸಿತ್ತು. ಅದು ಚೆಲ್ಲಿದ ಬಿಸಿನೀರು ಹೆಪ್ಪುಗಟ್ಟುತ್ತಾ ಮೊಣಕಾಲೆತ್ತರಕ್ಕೆ ತೆಳ್ಳಗೆ ಮಂಜು ಎದ್ದಿತ್ತು. ಆ ಮಂಜಿನೊಳಗೆ ನಿಖಿಲ್ ನಿಂತಿದ್ದ, ಕಾಲು ಕಾಣುತ್ತಿರಲಿಲ್ಲ. ಹಳೆಯ ಗೆಳೆಯನೊಬ್ಬ ಪಕ್ ಹೊಡೆಯುತ್ತಿದ್ದ. ಸ್ಕೇಟಿನ ಅಲಗು ಐಸ್ ಗೀರುವ ಸದ್ದು, ಆಮೇಲೆ ಪಕ್ ಕೈಗವಸಿಗೆ ಬಡಿಯುವ ಮೆತ್ತನೆಯ ಸದ್ದು, ಆಮೇಲೆ ಏನೂ ಇಲ್ಲ. ಬೆಂಚಿನ ಮೇಲೆ ಶಾಲು ಹೊದ್ದು ಕೂತ ನನಗೆ ಎಷ್ಟು ಹೊತ್ತಾಯಿತೆಂಬುದೇ ಮರೆತುಹೋಯಿತು. ಅವನು ಚಲಿಸುತ್ತಿರಲಿಲ್ಲ, ತೇಲುತ್ತಿದ್ದ. ನೀರಿನೊಳಗಿನ ಮನುಷ್ಯನಂತೆ ತೋಳು ಮೇಲೇಳುತ್ತಿತ್ತು, ಪಕ್ ತಾನಾಗಿ ಬಂದು ಅಲ್ಲಿ ಸೇರುತ್ತಿತ್ತು.

ಬಹಳ ಹೊತ್ತಿನ ಮೇಲೆ ನನಗೊಂದು ವಿಷಯ ಕಂಡಿತು. ಬಲಗಡೆಯಿಂದ ಪಕ್ ಬಂದರೆ ಅವನು ತಲೆ ತಿರುಗಿಸುತ್ತಿದ್ದ. ಎಡಗಡೆಯಿಂದ ಬಂದರೆ ಇಡೀ ದೇಹ ತಿರುಗಿಸುತ್ತಿದ್ದ, ಅದೂ ಗೆಳೆಯ ಹೊಡೆಯುವ ಮೊದಲೇ. ಅವನು ನೋಡುತ್ತಿದ್ದುದು ಪಕ್ ಅನ್ನಲ್ಲ, ಗೆಳೆಯನ ಭುಜವನ್ನು. ಹನ್ನೆರಡನೆಯ ವಯಸ್ಸಿನಿಂದ ಜೊತೆಗಿದ್ದವನ ಭುಜ ಅವನಿಗೆ ಬಾಯಿಪಾಠ.

ಮಧ್ಯಾಹ್ನ ಅವನನ್ನು ಮತ್ತೆ ಕ್ಲಿನಿಕ್ಕಿಗೆ ಕರೆಸಿದೆ. ಈ ಸಲ ಬೇರೆ ಪಟ ತೂಗುಹಾಕಿದೆ. ಅದರಲ್ಲಿ ಇಂಗ್ಲಿಷಿನ ‘ಇ’ ಅಕ್ಷರವೊಂದೇ ಇರುತ್ತದೆ, ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಮುಖ ಮಾಡಿಕೊಂಡು. ಓದು ಬಾರದವರಿಗಾಗಿ ಮಾಡಿದ್ದು. ಹುಬ್ಬಳ್ಳಿಯಲ್ಲಿ ಕೆಲಸ ಕಲಿಯುವಾಗ ನಾನು ಬಳಸಿದ್ದೆ. ಅಕ್ಷರ ಯಾವ ಕಡೆ ನೋಡುತ್ತಿದೆಯೆಂದು ಬೆರಳಿನಿಂದ ತೋರಿಸಿದರೆ ಸಾಕು. ತಲೆ ನಿಂತಿದ್ದಾಗ ನಿಖಿಲ್ ಕೊನೆಯ ಸಾಲಿನವರೆಗೂ ತೋರಿಸಿದ. ತಲೆ ತಿರುಗಿಸತೊಡಗಿದೊಡನೆ ಐದು ಸಾಲು ಕಳೆದುಹೋದವು. ಬೆರಳು ಗಾಳಿಯಲ್ಲಿ ಸುಮ್ಮನೆ ನಿಂತಿತು.

“ನಿನ್ನೆ ಪಟಾ ಬಾಯಿಪಾಠ ಮಾಡಿದ್ದಿ, ಹೌದಲ್ಲೊ?” ಎಂದೆ.

ಅವನು ತಲೆ ತಗ್ಗಿಸಿದ. “ವೇಟಿಂಗ್ ರೂಮಿಂದ ಕಾಣ್ಸತ್ತೆ ಆಂಟಿ. ಡೋರ್ ಓಪನ್ ಇತ್ತು.” ಆಮೇಲೆ ತಲೆಯೆತ್ತಿ, “ಒನ್ ಗೇಮ್ ಆಡ್ತೀನಿ. ಜಸ್ಟ್ ಒನ್. ಆಮೇಲೆ ನೀವ್ ಹೇಳಿದ್ದೆಲ್ಲಾ ಮಾಡ್ತೀನಿ.”

“ತೇಲಿದಂಗ ಆಗತೈತಿ ಅಂದಿ. ಅದು ಆಟದ ಸುಖ ಅಲ್ಲಪಾ. ಆ ಪೆಟ್ಟು ಇನ್ನೂ ಒಳಗೈತಿ. ಎಡಗಡಿಂದ ಪಕ್ ಬಂದಾಗ ನಿನಗ ಅದು ಕಾಣಂಗೇ ಇಲ್ಲ.”

ಅವನ ಕಣ್ಣಲ್ಲಿ ನೀರು ಬಂದದ್ದು ಆಗ. ಕರೆ ತಪ್ಪಿಹೋಗುತ್ತದೆಂದು ಅತ್ತನೋ, ಆ ತೇಲುವ ಕನಸನ್ನೂ ನಾನು ಕಸಿದುಕೊಂಡೆನೆಂದು ಅತ್ತನೋ, ಇವತ್ತಿಗೂ ತಿಳಿಯದು.

ಸಂಜೆ ಅವನೊಂದಿಗೆ ತಂದೆಯೂ ಬಂದರು. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರ್, ಮೃದು ಮಾತಿನ ಮನುಷ್ಯ. ಸಾಮಾನ್ಯವಾಗಿ ಹೆತ್ತವರು ಮಗ ಆಟ ಬಿಡಲಿ ಎನ್ನುತ್ತಾರೆ. ಇವರು ಎದುರಿಗೆ ಕೂತು ಕೈ ಜೋಡಿಸಿದರು.

“ಮೇಡಂ, ಹತ್ತು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ಇವನನ್ನ ರಿಂಕ್‌ಗೆ ಡ್ರೈವ್ ಮಾಡಿದೀನಿ. ಮಗನ್ನ ಡಾಕ್ಟರ್ ಮಾಡ್ಲಿಲ್ವಾ ಅಂತ ಎಲ್ಲರೂ ಕೇಳಿದ್ರು. ಈ ಒಂದು ಕರೆ ಬಂದ್ರೆ ಅವರಿಗೆಲ್ಲಾ ಉತ್ತರ ಸಿಗತ್ತೆ ಅಂತ ಕಾಯ್ತಿದ್ದೆ. ಸ್ವಲ್ಪ ಅಡ್ಜಸ್ಟ್ ಮಾಡಿ ಬರೀಬಹುದಲ್ವಾ?”

ನಾನು ಉತ್ತರಿಸುವ ಬದಲು ಅವರನ್ನೇ ಕುರ್ಚಿಯಲ್ಲಿ ಕೂರಿಸಿದೆ. ಕೈಯಲ್ಲಿ ಫೋನ್ ಹಿಡಿಸಿ, ಕ್ಯಾಮೆರಾ ಆನ್ ಮಾಡಿ, ಅದನ್ನು ಬೇಗಬೇಗ ಆಚೀಚೆ ಅಲ್ಲಾಡಿಸುತ್ತಾ ಪರದೆಯಲ್ಲಿ ಕಾಣುವ ಪಟವನ್ನು ಓದಿ ಎಂದೆ. ಪರದೆಯಲ್ಲಿ ಅಕ್ಷರಗಳೆಲ್ಲ ಕರಗಿ ಬೂದು ಗೆರೆಗಳಾದವು.

“ಎಡಕ್ಕ ತಿರುಗಿದಾಗ ನಿಮ್ಮ ಮಗನಿಗೆ ಹಿಂಗ ಕಾಣತೈತಿ,” ಎಂದೆ. “ಇದರಾಗ ಅವನನ್ನ ಗೋಲಿನ ಮುಂದ ನಿಲ್ಲಸ್ಲೇನು?”

ಅವರು ಫೋನನ್ನು ನಿಧಾನವಾಗಿ ಮಡಿಲಲ್ಲಿಟ್ಟುಕೊಂಡರು. ಮಗನ ಕಡೆ ತಿರುಗಿ, “ಇಷ್ಟು ದಿನ ಹೀಗೇ ಆಡ್ತಿದ್ಯೇನೋ?” ಎಂದರು. ತಂದೆ ಅವನ ಕತ್ತಿನ ಹಿಂದೆ ಕೈಯಿಟ್ಟು ಹಾಗೇ ಕೂತರು.

‘ಆಡಲು ಇನ್ನೂ ಅರ್ಹನಲ್ಲ’ ಎಂದು ವರದಿ ಕಳಿಸಿದೆ. ಸ್ಥಾನ ಬೇರೊಬ್ಬನಿಗೆ ಹೋಯಿತು. ಆ ಹುಡುಗ ಮೊದಲ ಪಂದ್ಯದಲ್ಲೇ ಚೆನ್ನಾಗಿ ಆಡಿ ಗೆಲ್ಲಿಸಿದನೆಂದು ಕೇಳಿ, ಗೆದ್ದ ತಂಡವನ್ನು ನಾನು ಮನಸ್ಸಿನಲ್ಲೇ ಬೈದುಕೊಂಡೆ. ಒಂಬತ್ತು ದಿನ ನಿಖಿಲ್ ಫೋನ್ ಎತ್ತಲಿಲ್ಲ. ನಾನು ದಿನಕ್ಕೊಂದು ಸಲ ಮಾಡುತ್ತಲೇ ಇದ್ದೆ, ಅದು ನಿಯಮದಲ್ಲಿರಲಿಲ್ಲ. ಹತ್ತನೆಯ ದಿನ ಅವನೇ ಬಾಗಿಲಲ್ಲಿ ನಿಂತಿದ್ದ.

“ಸ್ಟಾರ್ಟ್ ಮಾಡೋಣ ಆಂಟಿ,” ಎಂದ.

ಹದಿನಾಲ್ಕು ವಾರ ಹಿಡಿಯಿತು. ವ್ಯಾಯಾಮ ನೋಡಲು ಏನೂ ಇಲ್ಲ. ಹೆಬ್ಬೆರಳಿನ ಮೇಲೆ ದೃಷ್ಟಿಯಿಟ್ಟು ತಲೆಯನ್ನು ಆಚೀಚೆ ತಿರುಗಿಸುವುದು, ದಿನಕ್ಕೆ ಐದು ಸಲ. ಮೊದಲ ವಾರಗಳಲ್ಲಿ ವಾಂತಿ ಬರುತ್ತಿತ್ತು. ಡಿಸೆಂಬರ್ ಹೊತ್ತಿಗೆ ಅವನ ಆ ತೇಲುವ ಕನಸು ತೆಳುವಾಗತೊಡಗಿತು. ಒಂದು ದಿನ ಬಂದು, “ಲೈಟ್ಸ್ ತುಂಬಾ ಶಾರ್ಪ್ ಆಗಿದೆ. ನಂಗೆ ಇಷ್ಟ ಇಲ್ಲ,” ಎಂದು ಮಗುವಿನಂತೆ ದೂರಿದ. ಅಂದು ಮನೆಗೆ ಹೋಗುವಾಗ ನಾನು ಕಾರಿನಲ್ಲಿ ಒಬ್ಬಳೇ ನಕ್ಕೆ. ಫೆಬ್ರವರಿಯಲ್ಲಿ ಅರ್ಹತೆಯ ವರದಿ ಬರೆದೆ. ಮೇಲಿನ ತಂಡದಿಂದ ಮತ್ತೆ ಕರೆ ಬರಲಿಲ್ಲ, ಎಂದೂ ಬರಲಿಲ್ಲ. ಅವನು ತನ್ನ ಹಳೆಯ ತಂಡಕ್ಕೇ ಮರಳಿದ.

ಮಾರ್ಚಿನಲ್ಲಿ ಅವನ ತಂದೆಯೊಂದಿಗೆ ಕ್ಯಾರೊಲೈನಾಕ್ಕೆ ಹೋದೆ. ಅರ್ಧ ಖಾಲಿಯಿದ್ದ ಕ್ರೀಡಾಂಗಣ, ಭಾನುವಾರ ಮಧ್ಯಾಹ್ನದ ಆಟ. ನಿಖಿಲನ ತಂಡ ಮೂರು–ಎರಡರಿಂದ ಸೋತಿತು. ಒಂದು ಗೋಲಂತೂ ಎಡಗಡೆಯಿಂದಲೇ ಬಂತು. ತಂದೆ ನನ್ನ ಮುಂಗೈ ಹಿಡಿದುಕೊಂಡರು. ಆಟ ಮುಗಿದು ಅವನು ಒದ್ದೆ ಕೂದಲಲ್ಲಿ ಹೊರಗೆ ಬಂದ. ಸೋತವನಿಗೆ ಹೇಳುವ ಮಾತು ನನ್ನ ವೃತ್ತಿಯಲ್ಲಿ ಯಾರೂ ಕಲಿಸಿರಲಿಲ್ಲ. ಅವನೇ ನಗುತ್ತಾ ಹತ್ತಿರ ಬಂದ.

“ಆಂಟಿ, ಮೂರೂ ನೋಡ್ದೆ. ಸ್ಟಿಕ್ ಬಿಟ್ಟಾಗಿಂದ ನೆಟ್ ಒಳಗೆ ಹೋಗೋವರ್ಗೂ. ಹಿಡಿಯಕ್ಕಾಗ್ಲಿಲ್ಲ, ಬಟ್ ನೋಡ್ದೆ.”

ಕಳೆದ ವರ್ಷ ನಿವೃತ್ತಳಾದೆ. ಗುಣಪಡಿಸುವುದೆಂದರೆ ರೋಗಿಗೆ ಬೇಕಾದದ್ದನ್ನು ಗೆದ್ದುಕೊಡುವುದೆಂದು ಮೂವತ್ತು ವರ್ಷ ತಿಳಿದಿದ್ದೆ. ಆಗದ್ದನ್ನೂ ಕಣ್ಣು ಬಿಟ್ಟು ನೋಡುವಷ್ಟು ಅವರನ್ನು ಗಟ್ಟಿಯಾಗಿ ನಿಲ್ಲಿಸಿದರೆ ನನ್ನ ಪಾಲಿನ ಕೆಲಸ ಮುಗಿಯಿತೆಂದು ಆ ಭಾನುವಾರ ತಿಳಿಯಿತು.