ಮಂಜಿನಲ್ಲಿ ಸುಧಿಯನ್ನು ಕರೆದದ್ದು

ಕೊರಳಿಗೆ ಸ್ಕೌಟ್ ಸ್ಕಾರ್ಫ್ ಬಿದ್ದರೆ ಹುಡುಗ ಸುಧಾರಿಸುತ್ತಾನೆ ಎಂದು ಅಪ್ಪಂದಿರು ನಂಬಿದ್ದ ಕಾಲ ಅದು. ದಿಲ್ಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ ಕೆಳಗೆ, ಸುಧಿಯ ಮನೆ ಮೇಲೆ. ಇಬ್ಬರ ಅಪ್ಪಂದಿರೂ ಒಂದೇ ಇಲಾಖೆಯ ಗುಮಾಸ್ತರು. ಸುಧಿ ಶಿಸ್ತು ಕಲಿಯಲೆಂದು ಸ್ಕೌಟ್‌ಗೆ ಸೇರಿದ. ನನ್ನನ್ನು ಸೇರಿಸಿದ್ದು ಶನಿವಾರ ಮಧ್ಯಾಹ್ನವಾದರೂ ಮನೆ ಶಾಂತವಾಗಿರಲಿ ಎಂದು.

ನನಗೆ ಮಿಮಿಕ್ರಿಯ ಹುಚ್ಚು. ತರಕಾರಿ ಭಯ್ಯಾನಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಯಾರನ್ನೂ ಬಿಟ್ಟಿರಲಿಲ್ಲ. ಸುಧಿಯ ಅಮ್ಮ ಪದ್ಮಾ ಆಂಟಿಯ ಧ್ವನಿಯಲ್ಲಿ ನಾನು ಮೆಟ್ಟಿಲ ಕೆಳಗಿಂದ ಕರೆದರೆ ಅವರ ಯಜಮಾನರೇ "ಬಂದೆ, ಬಂದೆ" ಎನ್ನುತ್ತಿದ್ದರು. ದಳದಲ್ಲಿ ನನ್ನದು ಗರುಡ ಗುಂಪು, ಏಕೆಂದರೆ ಗಿಳಿ ಗುಂಪು ಎಂಬುದು ಇರಲಿಲ್ಲ. ಸುಧಿ ಚಿರತೆ ಗುಂಪಿನ ಲೀಡರ್. ಗಂಟು ಹಾಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನಾನು ಕಟ್ಟಿದ ಟೆಂಟು ಮಾತ್ರ ನಾನು ಕೆಮ್ಮಿದರೂ ಬೀಳುತ್ತಿತ್ತು.

ನಮ್ಮ ಸ್ಕೌಟ್ ಮಾಸ್ಟರು ರಾವತ್ ಸರ್. ಗಢವಾಲದವರು, ಕುಳ್ಳಗೆ, ಗಟ್ಟಿ. ಪ್ರತಿ ಮಾತಿಗೂ ಮೊದಲು ಮೂಗಿನಲ್ಲಿ "ಹೂಂ" ಎಂದು ಎಂಜಿನ್ ಸ್ಟಾರ್ಟ್ ಮಾಡುವರು. ಆ ಹೂಂಕಾರ ನನಗೆ ಮೊದಲ ಶನಿವಾರವೇ ಬಂದುಬಿಟ್ಟಿತು.

ಆ ಚಳಿಗಾಲದಲ್ಲಿ ಫರೀದಾಬಾದಿನ ಕಡೆಯ ಅರಾವಳಿ ಗುಡ್ಡಗಳಲ್ಲಿ ಕ್ಯಾಂಪು. ಒದ್ದೆ ಉಣ್ಣೆಯ ವಾಸನೆ, ತಲೆಗೆ ಮೆತ್ತಿದ ಸಾಸಿವೆ ಎಣ್ಣೆ, ಸೌದೆ ಹೊಗೆ, ತಳ ಹಿಡಿದ ಖಿಚಡಿ. ಅಮ್ಮ ಡಬ್ಬಿಯಲ್ಲಿ ಕಳಿಸಿದ್ದ ಪುಳಿಯೋಗರೆ ಗೊಜ್ಜನ್ನು ರಾವತ್ ಸರ್ ರೋಟಿಗೆ ಸವರಿಕೊಂಡು ತಿಂದು, "ಹೂಂ. ಯೇ ಅಚಾರ್ ಅಚ್ಛಾ ಹೈ" ಎಂದಿದ್ದರು. ಅದು ಉಪ್ಪಿನಕಾಯಿಯಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಸಂಜೆ ಧ್ವಜದಾಟ. ಒಂದು ಗುಂಪು ಧ್ವಜದೊಂದಿಗೆ ಪೊದೆಗಳಲ್ಲಿ ಅಡಗಬೇಕು, ಇನ್ನೊಂದು ಹುಡುಕಬೇಕು. ಅಡಗಿದವರು ಉಸಿರೆತ್ತಿದರೆ ಸೋಲು. ಸರ್ ಉದ್ದ ಸೀಟಿ ಊದಿ "ವಾಪಸ್" ಎಂದು ಕೂಗಿದರೆ ಆಟ ಮುಗಿದಂತೆ. ಮೊದಲ ದಿನ ಹುಡುಕುವ ಸರದಿ ನಮ್ಮದು. ಹತ್ತು ಪೊದೆ ಕೆದಕುವ ಕಷ್ಟ ಯಾಕೆಂದು ನಾನು ಬಾಯಿಗೆ ಎರಡು ಬೆರಳಿಟ್ಟು ಉದ್ದ ಸೀಟಿ ಹೊಡೆದೆ. ಆಮೇಲೆ ಸರ್ ಧ್ವನಿಯಲ್ಲಿ, "ಹೂಂ. ಚಲೋ ಬಚ್ಚೋಂ, ವಾಪಸ್." ಚಿರತೆಗಳೆಲ್ಲ ಸಾಕಿದ ಮೇಕೆಗಳ ಹಾಗೆ ಸಾಲಾಗಿ ಹೊರಬಂದವು. ಸರ್ ಹೊಟ್ಟೆ ಹಿಡಿದು ನಕ್ಕು, ಆಟದಲ್ಲಿ ಉಪಾಯವೂ ನಡೆಯುತ್ತದೆ ಎಂದು ನಮಗೇ ಗೆಲುವು ಕೊಟ್ಟರು.

ಸುಧಿ ಮಾತ್ರ ನಗಲಿಲ್ಲ. "ನಾಳೆ ನೋಡ್ಕೋ. ನೀನು ಪ್ರಧಾನಮಂತ್ರಿ ಧ್ವನೀಲಿ ಕರೆದ್ರೂ ನಾವು ಏಳಲ್ಲ."

ಮರುದಿನವೂ ಅಡಗುವ ಪಾಳಿ ಅವರದೇ. ಅವರು ಹೊರಟ ಸ್ವಲ್ಪ ಹೊತ್ತಿಗೇ ಮಂಜು ಬಿತ್ತು. ದಿಲ್ಲಿಯ ಮಂಜು ಮೆಲ್ಲಗೆ ಬರುವಂಥದ್ದಲ್ಲ, ಯಾರೋ ರಜಾಯಿ ಎಳೆದು ಹೊದಿಸಿದ ಹಾಗೆ. ಮುಂದಿನ ಮರ ಕಾಣುತ್ತಿರಲಿಲ್ಲ. ಸರ್ ಆಟ ನಿಲ್ಲಿಸಿ ಸೀಟಿ ಊದಿದರು. "ವಾಪಸ್" ಎಂದು ಕೂಗಿದರು. ಒಂದು ಎಲೆಯೂ ಅಲುಗಲಿಲ್ಲ.

ಇದೂ ನನ್ನ ಮಿಮಿಕ್ರಿಯೆಂದೇ ಅವರು ಕೂತಿದ್ದಾರೆಂದು ನಮ್ಮ ಗುಂಪಿನವರು ನಗತೊಡಗಿದರು. ಸರ್ ನಗಲಿಲ್ಲ. ಪೊದೆಗಳ ಆಚೆಗೆ ಕಲ್ಲು ತೆಗೆದು ಬಿಟ್ಟುಹೋದ ಹಳೇ ಕ್ವಾರಿಯಿತ್ತು. ಆಳವಾದ ಹಳ್ಳ, ತಳದಲ್ಲಿ ಹಸಿರು ನೀರು. ಬೆಳಕಿದ್ದಾಗ ಅದರ ಅಂಚಿಗೆ ಸುಣ್ಣದ ಗೆರೆ ಎಳೆದು, ಇದನ್ನು ದಾಟುವಂತಿಲ್ಲ ಎಂದು ಸರ್ ತಾವೇ ತೋರಿಸಿದ್ದರು. ಈಗ ಗೆರೆ ಎಲ್ಲಿದೆಯೋ ಅವರಿಗೂ ತಿಳಿಯದು. ಕತ್ತಲಾಗುತ್ತಿತ್ತು. ಚಳಿ ತಡೆಯಲಾರದೆ ಹುಡುಗರು ತಾವಾಗಿಯೇ ಎದ್ದು ನಡೆಯತೊಡಗಿದರೆ ಯಾವ ಕಡೆಗೆ ನಡೆಯುತ್ತಾರೆ? ಸರ್ ಲಾಠಿಯಿಂದ ನೆಲ ತಡಕಾಡುತ್ತ, ಕೂಗುತ್ತ ಹೋದರು. ನಾವು ಒಬ್ಬರ ಬೆಲ್ಟ್ ಒಬ್ಬರು ಹಿಡಿದು ಹಿಂದೆ. ಕೂಗಿ ಕೂಗಿ ಅವರ ಗಂಟಲು ಒಡೆಯಿತು. ಒಡೆದ ಮೇಲಂತೂ ಆ ಧ್ವನಿ ನಾನು ಕೆಟ್ಟದಾಗಿ ಮಾಡಿದ ಮಿಮಿಕ್ರಿಯ ಹಾಗೇ ಕೇಳುತ್ತಿತ್ತು.

ಅವರು ನಿಂತು ನನ್ನ ಭುಜ ಹಿಡಿದರು. "ತೂ ಬುಲಾ." ನೀನೇ ಕರೆ ಎಂದು.

ನಾನು ಬಾಯಿ ತೆರೆದೆ. ಅಭ್ಯಾಸಬಲ, ಹೊರಬಂದದ್ದು "ಹೂಂ. ಚಲೋ ಬಚ್ಚೋಂ." ಮಂಜಿನೊಳಗೆ ಎಲ್ಲೋ ಯಾರೋ ಕಿಸಕ್ಕನೆ ನಕ್ಕರು. ಯಾರೂ ಹೊರಬರಲಿಲ್ಲ.

"ಮೇರೀ ನಹೀಂ ಬೇಟಾ," ಎಂದರು ಸರ್ ಪಿಸುಗುಟ್ಟುತ್ತ. "ಅಪ್ನೀ ಆವಾಜ್ ಮೇಂ."

ಅವರದಲ್ಲ, ನನ್ನ ಧ್ವನಿಯಲ್ಲಿ. ಸುಲಭದ ಕೆಲಸವೆಂದುಕೊಂಡೆ. ಆದರೆ ಗಂಟಲಿನ ಬಾಗಿಲಲ್ಲಿ ತರಕಾರಿ ಭಯ್ಯಾ, ಪ್ರಿನ್ಸಿಪಾಲರು, ಪದ್ಮಾ ಆಂಟಿ ಎಲ್ಲರೂ ನಾ ಮುಂದೆ ತಾ ಮುಂದೆ ಎಂದು ನಿಂತಿದ್ದರು. ನಾನು ಮಾತ್ರ ಇರಲಿಲ್ಲ. ಕ್ಯಾಂಪಿನಲ್ಲಿ ನಮ್ಮದೆಲ್ಲ ಹಿಂದಿ. ಸುಧಿಯೊಂದಿಗೂ ನಾಲ್ಕು ಜನರೆದುರು ಕನ್ನಡ ಆಡುತ್ತಿರಲಿಲ್ಲ, ಮಿಕ್ಕವರು 'ಇಡ್ಲಿ' ಎಂದು ರೇಗಿಸುತ್ತಾರೆಂದು. ಆಗ ಹೊರಟದ್ದು ಕನ್ನಡ, ಅದೂ ಗಂಡಸಾಗುತ್ತಿದ್ದ ವಯಸ್ಸಿನ ಸೀಳಿದ ದನಿಯಲ್ಲಿ.

"ಸುಧೀ, ಆಟ ಮುಗೀತು ಕಣೋ. ಏಳ್ಬೇಡ. ಎಲ್ರೂ ಅಲ್ಲೇ ಕೂತಿರಿ. ಹತ್ರಾನೇ ಹಳ್ಳ ಇದೆ. ನಂಗೆ ಹೆದ್ರಿಕೆ ಆಗ್ತಿದೆ."

ಆಮೇಲೆ ಮಂಜಿನೊಳಗಿಂದ, "ಯಾರೋ ಅದು?"

"ನಾನು."

"ನಾನು ಅಂದ್ರೆ?"

"ಕೆಳಗಿನ ಮನೆ ರಘು ಕಣೋ."

"ನಿನ್ ಧ್ವನಿ ಹೀಗಿರುತ್ತಾ?"

"ಹೀಗೇ ಇರೋದು. ಮಾತಾಡ್ತಾ ಇರು, ನಿಲ್ಲಿಸ್ಬೇಡ. ಸರ್ ಬರ್ತಿದಾರೆ."

ಸುಧಿ ಮಾತಾಡಿದ. ಮಾತು ಮುಗಿದಾಗ ಮಗ್ಗಿ ಹೇಳಿದ. ಆ ಮಗ್ಗಿಯ ಜಾಡು ಹಿಡಿದು ಸರ್ ಪೊದೆ ಮುಟ್ಟಿದರು. ಹುಡುಗರು ಕೂತಿದ್ದದ್ದು ಸುಣ್ಣದ ಗೆರೆಯ ಆಚೆ. ಒಬ್ಬನ ಬೂಟಿನ ಮುಂದೆ ನೆಲವಿರಲಿಲ್ಲ. ಎಲ್ಲರಿಗೂ ಉದ್ದ ಹಗ್ಗ ಹಿಡಿಸಿ ಕರೆತಂದರು. ಬೆಂಕಿಯ ಬಳಿ ಯಾರನ್ನೂ ಬೈಯಲಿಲ್ಲ. ಉಪ್ಪುನೀರು ಮುಕ್ಕಳಿಸಿ, ಬೆನ್ನು ತಿರುಗಿಸಿ ತುಂಬಾ ಹೊತ್ತು ಕೂತಿದ್ದರು.

ಮರುದಿನದಿಂದ ನಿಯಮ ಬದಲಾಯಿತು. ಆಟ ಮುಗಿದಾಗ ಸೀಟಿಯಿಲ್ಲ. ಪ್ರತಿಯೊಬ್ಬನಿಗೂ ಒಬ್ಬ ಜೊತೆಗಾರ. ಅವನನ್ನು ತನ್ನ ಮನೆಯ ಭಾಷೆಯಲ್ಲಿ ಹೆಸರು ಹಿಡಿದು ಕರೆಯಬೇಕು, ಓಗೊಡುವವರೆಗೂ ಬಿಡಬಾರದು. ಸಂಜೆ ಗುಡ್ಡದ ತುಂಬ ಪಂಜಾಬಿ, ಬಂಗಾಳಿ, ಮಲಯಾಳಂ, ನಡುವೆ ನನ್ನ ಒಡಕು ಕನ್ನಡ. ಆಮೇಲೆ ಯಾರೂ ಇಡ್ಲಿ ಎನ್ನಲಿಲ್ಲ. ಎಂದರು, ಆದರೆ ಪ್ರೀತಿಯಿಂದ.

ಈಗ ಆ ಕ್ವಾರ್ಟರ್ಸು ಇಲ್ಲ. ಒಡೆದು ಬಹುಮಹಡಿ ಕಟ್ಟಡಗಳನ್ನು ಎಬ್ಬಿಸುತ್ತಿದ್ದಾರೆ. ನಾನು ದಿಲ್ಲಿಯದೇ ದ್ವಾರಕಾದ ಅಪಾರ್ಟ್‌ಮೆಂಟೊಂದರಲ್ಲಿದ್ದು ಗುರುಗ್ರಾಮದ ಆಫೀಸಿಗೆ ಹೋಗುತ್ತೇನೆ. ಮೀಟಿಂಗ್ ಮುಗಿದ ಮೇಲೆ ಬಾಸ್‌ನ ಧ್ವನಿ ಮಾಡಿ ಚಹಾ ಗಿಟ್ಟಿಸುತ್ತೇನೆ. ಸ್ಕೌಟ್ ನನ್ನಲ್ಲಿ ಉಳಿಸಿಹೋದದ್ದು ಒಂದೇ ರೋಗ: ಗೆಳೆಯರೊಂದಿಗೆ ಎಲ್ಲಿಗೆ ಹೋದರೂ ಹೊರಡುವಾಗ ಎಲ್ಲರೂ ಇದ್ದಾರೆಯೇ ಎಂದು ತಲೆ ಎಣಿಸುತ್ತೇನೆ. ಅವರು ನಗುತ್ತಾರೆ. ಎಲ್ಲರೂ ಎಲ್ಲೆಲ್ಲಿದ್ದಾರೆಂದು ಫೋನಿನ ನಕ್ಷೆಯೇ ತೋರಿಸುವಾಗ ಎಣಿಸುವುದೇಕೆ ಎಂದು.

ಸುಧಿ ಈಗ ಪುಣೆಯಲ್ಲಿದ್ದಾನೆ. ಕಳೆದ ಚಳಿಗಾಲ ಅವನ ಕೆಲಸ ಹೋಯಿತಂತೆ. ನನಗೆ ಗೊತ್ತಾದದ್ದು ಮೊನ್ನೆ, ಬೇರೆ ಯಾರಿಂದಲೋ. ಆ ತಿಂಗಳುಗಳಲ್ಲೆಲ್ಲ ನಾವು ಗೆಳೆಯರು ದಿನವೂ ಫೋನಿನ ಗ್ರೂಪಿನಲ್ಲಿ ಜೋಕು ಹಾಕುತ್ತಿದ್ದೆವು, ಅವನು ಹೆಬ್ಬೆರಳೆತ್ತುತ್ತಿದ್ದ. ಎಲ್ಲಿದ್ದಾನೆಂದು ನನಗೆ ಬೀದಿಯ ಸಮೇತ ತಿಳಿದಿತ್ತು. ಅಂಚಿನಲ್ಲಿದ್ದಾನೆಂದು ತಿಳಿದಿರಲಿಲ್ಲ.

ನಿನ್ನೆ ಫೋನ್ ಮಾಡಿದೆ. ಅಭ್ಯಾಸಬಲ, ಅವನ ಅಮ್ಮನ ಧ್ವನಿಯಲ್ಲಿ ಹೇಗಿದ್ದೀಯೋ ಎಂದು ಶುರುಮಾಡಿದೆ. ಅವನು ನಕ್ಕ, ಚೆನ್ನಾಗಿದ್ದೀನಿ ಅಂದ. ನಾನು ಗಂಟಲು ಸರಿಮಾಡಿಕೊಂಡು, ಕೆಳಗಿನ ಮನೆ ರಘುವಿನ ಧ್ವನಿಯಲ್ಲಿ ಇನ್ನೊಮ್ಮೆ ಕೇಳಿದೆ.